ಎದುರು ಮಗ್ಗದವಳ ದನಿ

ಇಪ್ಪತ್ತೆಂಟು ಮಕ್ಕಳು ಒಟ್ಟಿಗೆ ಡೆಸ್ಕು ಬಡಿಯತೊಡಗಿದಾಗ ಕಿಟಕಿಯ ಗಾಜುಗಳು ಅದುರಿದವು. ಚರಿತ್ರೆಯ ಮೇಡಂ ಕೈಬೀಸಿ ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು. ಕೊನೆಯ ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದರು. ಅಷ್ಟು ಗದ್ದಲದಲ್ಲಿ ಆರಾಮವಾಗಿದ್ದವರು ಅವರೊಬ್ಬರೇ.

ಎರಡು ವಾರದ ಹಿಂದೆ ಮೇಡಂ ಕೈಗಾರಿಕಾ ಕ್ರಾಂತಿಯ ಪ್ರಬಂಧಗಳನ್ನು ತಿದ್ದುತ್ತಿದ್ದರು. ಇಪ್ಪತ್ತೊಂದು ಪ್ರಬಂಧಗಳು ಒಂದೇ ಗೈಡಿನಿಂದ ಇಳಿದಿದ್ದವು. ಅಚ್ಚಿನ ತಪ್ಪು ಕೂಡ ಹಾಗ್ಹಾಗೇ ಬಂದಿತ್ತು. ಮರುದಿನ ಆ ಕಟ್ಟನ್ನು ಬದಿಗಿಟ್ಟು, "ಇನ್ನು ಪ್ರಬಂಧ ಬೇಡ. ಯಂತ್ರ ಬಂದ್ಮೇಲೆ ಜನರ ಬದುಕು ಹೇಗಾಯ್ತು ಅಂತ ನನಗೆ ತೋರಿಸಿ. ನಕ್ಷೆ ಮಾಡಿ, ನಾಟಕ ಆಡಿ, ನಿಮ್ಮಿಷ್ಟ" ಎಂದಿದ್ದರು. ಮುಖ್ಯೋಪಾಧ್ಯಾಯರು ಮುಖ ಸಿಂಡರಿಸಿಕೊಂಡು, "ಒಂದೇ ಸಲ ನೋಡೋಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ಪ್ರಬಂಧಕ್ಕೇ ವಾಪಸ್" ಎಂದು ಒಪ್ಪಿದ್ದರು.

ಯಾವ ಪ್ರಶ್ನೆಗೂ ಎರಡು ಸಾಲಿಗಿಂತ ಹೆಚ್ಚು ಬರೆಯದ ಹಿಂದಿನ ಬೆಂಚಿನ ಹುಡುಗಿ ಮೇಡಂ ಬಳಿ ಬಂದು ಕೇಳಿದ್ದಳು: "ನಮ್ಮಜ್ಜಿನ ಕರ್ಕೊಂಡ್ ಬರ್ಲಾ? ಬಟ್ಟೆ ಮಿಲ್ಲಲ್ಲಿದ್ರು. ಮಗ್ಗದ ಸದ್ದಿಗೆ ಕಿವಿ ಹೋಗಿದೆ."

"ಅವರು ಏನ್ ಮಾಡ್ತಾರೆ?"

"ಸುಮ್ನೆ ಕೂತಿರ್ತಾರೆ ಮೇಡಂ. ಗಲಾಟೆ ನಾವು ಮಾಡ್ಬೇಕು."

ಈಗ ಆ ಗಲಾಟೆಯ ನಡುವೆ ಮಕ್ಕಳು ಒಬ್ಬೊಬ್ಬರಾಗಿ ಕರಿಹಲಗೆಯ ಮುಂದೆ ನಿಂತು ಏನಾದರೊಂದು ಹೇಳಬೇಕಿತ್ತು. ಪಕ್ಕದಲ್ಲಿದ್ದವರಿಗೇ ಕೇಳುತ್ತಿರಲಿಲ್ಲ. ಎತ್ತರದ ಹುಡುಗಿಯೊಬ್ಬಳು ಏನೋ ಹೇಳಿದಳು; ತುಟಿ ಆಡಿದ್ದಷ್ಟೇ ಕಂಡಿತು. ಮೊಮ್ಮಗಳು ಕೈಯೆತ್ತಿ ಸದ್ದು ನಿಲ್ಲಿಸಿದಳು.

"ಹಸಿವಾಗಿದ್ರೆ ತಿಂದ್ಕೊಂಡ್ ಬರ್ಬಾರ್ದಿತ್ತಾ ಮಗಳೇ?" ಎಂದರು ಅಜ್ಜಿ.

ತರಗತಿ ಬಿದ್ದು ಬಿದ್ದು ನಕ್ಕಿತು. ಮತ್ತೆ ಡೆಸ್ಕುಗಳು ಗುಡುಗಿದವು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಕಾಣಿಸಿಕೊಂಡದ್ದು ಆಗಲೇ. ಮೇಡಂ ಅವರ ಬಳಿಗೆ ಹೋದರು. ಮುಖ್ಯೋಪಾಧ್ಯಾಯರು ಸಿಟ್ಟಿನಿಂದ ಏನೋ ಅಂದರು; ಗದ್ದಲದಲ್ಲಿ ಕೇಳಿಸಲಿಲ್ಲ. ಮಕ್ಕಳು ಅವರನ್ನು ಕಂಡು ಥಟ್ಟನೆ ಕೈ ತಡೆದರು.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ದನಿ ಬಂತು. "'ಈ ಮುದುಕಿನ ಒಳಗೆ ಯಾರು ಬಿಟ್ಟಿದ್ದು' ಅಂದ್ರಲ್ಲ, ಯಾರೂ ಬಿಟ್ಟಿದ್ದಲ್ಲ ಸಾರ್. ಮೊಮ್ಮಗಳು ಕರೆದ್ಲು, ಬಂದೆ. ಇನ್ನೊಂದ್ ಹತ್ತು ನಿಮಿಷ, ಹೊರಟ್ಬಿಡ್ತೀನಿ."

ಮುಖ್ಯೋಪಾಧ್ಯಾಯರ ಕಿವಿಯ ತುದಿ ಕೆಂಪಾಯಿತು. ಯಾರೂ ನಗಲಿಲ್ಲ. ಅವರು ಒಳಗೆ ಬಂದು ಮೊದಲ ಬೆಂಚಿನ ತುದಿಯಲ್ಲಿ ಕುಳಿತರು. ಹುಡುಗಿಯರು ಸರಿದು ಜಾಗ ಕೊಟ್ಟರು.

ಮೊಮ್ಮಗಳು ಅಜ್ಜಿಗೆ ಕಾಣುವಂತೆ ತಿರುಗಿ ನಿಂತು, "ಮಿಲ್ಲಲ್ಲಿ ಏನ್ ಮಾತಾಡ್ತಿದ್ದೆ ಅಂತ ಹೇಳಜ್ಜಿ" ಎಂದಳು.

"ಎಲ್ಲಾನೂ. ಸೂಪರ್‌ವೈಸರ್ ಬರ್ತಿದಾನೆ, ಮಗೀಗೆ ಜ್ವರ ಬಿಡ್ಲಿಲ್ಲ, ಇವತ್ತು ಸೊಂಟ ಹಿಡ್ಕೊಂಡಿದೆ. ಎದುರು ಮಗ್ಗದವಳೂ ನಾನೂ ಹದಿನೆಂಟು ವರ್ಷ ಬರೀ ತುಟೀಲೇ ಮಾತಾಡಿದ್ವಿ. ಗಂಟೆ ಹೊಡೆದ ಕೂಡ್ಲೆ ಅವಳು ಆ ಗೇಟು, ನಾನು ಈ ಗೇಟು. ಮನೇಲಿ ಮಕ್ಕಳು ಕಾಯ್ತಿರ್ತಿದ್ವಲ್ಲ." ಅಜ್ಜಿ ಕೈಚೀಲದ ಹಿಡಿಯನ್ನು ಸವರಿದರು. "ಮಿಲ್ಲು ಮುಚ್ಚಿದ ದಿನ ಮಗ್ಗ ಎಲ್ಲಾ ನಿಂತ್ಬಿಡ್ತು. ಆಗಿನ್ನೂ ನನಗೆ ಒಂಚೂರು ಕೇಳಿಸ್ತಿತ್ತು. ಅವಳು ಬಂದು, 'ಹೋಗ್ಬರ್ತೀನಿ ಕಣೇ' ಅಂದ್ಲು. ಅಯ್ಯೋ, ಅಷ್ಟು ದಪ್ಪ ಹೆಂಗಸಿಗೆ ಪುಟ್ಟ ಹುಡುಗಿ ದನಿ. ನನಗೆ ಅವತ್ತೇ ಗೊತ್ತಾಗಿದ್ದು."

ಯಾರೋ ಕೇಳಿದರು, "ಆಮೇಲೆ ಸಿಕ್ಕಿದ್ರಾ?"

ಅಜ್ಜಿ ಇಲ್ಲವೆಂದು ತಲೆಯಾಡಿಸಿದರು.

ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯರು ಮೇಡಂಗೆ, "ಫೈಲಿಗೆ ಏನಾದ್ರೂ ಬೇಕಲ್ಲಮ್ಮ" ಎಂದರು. ಆಮೇಲೆ ಅವರೇ, "ಇವತ್ತು ಕೇಳಿದ್ದನ್ನ ಮಕ್ಕಳು ಒಂದೊಂದು ಪುಟ ಬರೀಲಿ. ಗೈಡಲ್ಲಂತೂ ಸಿಗಲ್ಲ" ಎಂದು ಮೆಟ್ಟಿಲಿಳಿದು ಹೋದರು.

ಮೇಡಂ ಮಹಡಿಯ ಕಿಟಕಿಯಿಂದ ನೋಡಿದರು. ಕೆಳಗೆ ಅಂಗಳದಲ್ಲಿ ಮುಖ್ಯೋಪಾಧ್ಯಾಯರು ಅಜ್ಜಿಯನ್ನು ದಾಟಿ ಮುಂದೆ ಹೋಗಿ, ತಿರುಗಿ, ಬಿಸಿಲಿಗೆ ಮುಖಕೊಟ್ಟು ನಿಂತರು. ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಏನೋ ಹೇಳುತ್ತಿದ್ದರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಅವರ ತುಟಿಗಳನ್ನೇ ನೋಡುತ್ತಿದ್ದರು.