ಪಾವಗಡ ಬಸ್ಸಿನ ಔಷಧಿ ಡಬ್ಬಿ

ನಾಗಲಿಂಗಯ್ಯ ಸಾವುಕಾರರು ಆ ಬೆಳಿಗ್ಗೆ ನಮ್ಮ ಧರ್ಮಾಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಾಗ ಬಾಗಿಲಿಗೆ ಎದುರಾಗಿ ಕೂತಿದ್ದವನು ನಾನು. ಕೈಯಲ್ಲಿ ಅಳತೆಯ ಗ್ಲಾಸು, ಮುಂದೆ ಕೆಮ್ಮಿನ ಮಿಕ್ಸ್‌ಚರು. ಹತ್ತೊಂಬತ್ತು ವರ್ಷದಿಂದ ಮಧುಗಿರಿಯ ಜನಕ್ಕೆ ಔಷಧ ಕಲಸಿ ಕೊಟ್ಟ ಕಾಂಪೌಂಡರ್ ಅಡವಯ್ಯ ಅಂದರೆ ನಾನೇ. ಸಾವುಕಾರರು ನನ್ನನ್ನು ನೋಡಿದರು, ಒಂದು ಸಲ ತಲೆಯಾಡಿಸಿದರು, ನನ್ನನ್ನು ದಾಟಿಕೊಂಡು ಒಳಗೆ ಹೋಗಿ, "ಇಂದ್ರಮ್ಮ ಇದಾರೇನು?" ಅಂದರು.

ಇಂದ್ರಮ್ಮ ಬಂದು ಇನ್ನೂ ಮೂರು ವರ್ಷ. ಕೊರಟಗೆರೆ ಕಡೆಯವಳು, ಗಂಡ ಹೋದ ಮೇಲೆ ಬೆಂಗಳೂರಿನಲ್ಲಿ ನರ್ಸ್ ಕೆಲಸ ಕಲಿತು ಇಲ್ಲಿಗೆ ಸೇರಿದವಳು. ಡಾಕ್ಟರು ತುಮಕೂರಿನಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಮಿಕ್ಕ ದಿನ ಆಸ್ಪತ್ರೆಗೆ ನಾವಿಬ್ಬರೇ. ಅವಳಿಗೆ ಹಳ್ಳಿಯ ಹೆಂಗಸರು ಅವರೆಕಾಯಿ ತರುತ್ತಿದ್ದರು, ಹುಣಿಸೆಹಣ್ಣು ತರುತ್ತಿದ್ದರು, ಹುಟ್ಟಿದ ಹೆಣ್ಣುಮಕ್ಕಳಿಗೆ ಅವಳ ಹೆಸರೇ ಇಡುತ್ತಿದ್ದರು. ನನಗೆ ತರುತ್ತಿದ್ದದ್ದು ಖಾಲಿ ಸೀಸೆ. ಅದರಲ್ಲಿ ಮಿಕ್ಸ್‌ಚರು ತುಂಬಿಸಿಕೊಂಡು, ಕಹಿ ಅಂತ ಮುಖ ಸಿಂಡರಿಸಿ ಹೋಗುತ್ತಿದ್ದರು. ಹೊಟ್ಟೆ ಉರಿಯುತ್ತಿರಲಿಲ್ಲವೇ ಅಂದರೆ, ಉರಿಯುತ್ತಿತ್ತು. ಚೆನ್ನಾಗಿಯೇ ಉರಿಯುತ್ತಿತ್ತು.

ಸಾವುಕಾರರು ಬಂದ ಕಾರಣ ಇದು. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಅವರ ಪಾವಗಡದ ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ಬಸ್ಸು ಓಡಿಸುವ ಒಲೆ ಕಟ್ಟಿಸಿದ್ದರು. ಹಿಂದಿನ ತಿಂಗಳು ಆ ಒಲೆ ಕೆದಕಲು ಹೋಗಿ ಕಂಡಕ್ಟರ್ ಬೈರಪ್ಪನ ಮೊಣಕೈ ಸುಟ್ಟಿತ್ತು. ಮಧುಗಿರಿ ಬಿಟ್ಟರೆ ಪಾವಗಡ ಸೇರುವತನಕ ದಾರಿಯಲ್ಲಿ ಕಲ್ಲುಗುಡ್ಡವೇ ಹೊರತು ಆಸ್ಪತ್ರೆ ಅಂತ ಒಂದೂ ಇಲ್ಲ. ಆದ್ದರಿಂದ ಬಸ್ಸಿನಲ್ಲಿ ಒಂದು ಔಷಧಿ ಡಬ್ಬಿ ಇರಲಿ ಅಂತ ಅವರ ಯೋಚನೆ. ಜಾಗ ಇದ್ದದ್ದು ಡ್ರೈವರ್ ಸೀಟಿನ ಕೆಳಗೆ ಮಾತ್ರ. ಒಂದು ಬಿಸ್ಕತ್ತಿನ ತಗಡು ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು, "ಇದ್ರೊಳಗೆ ಎಷ್ಟು ಹಿಡಿಯುತ್ತೋ ಅಷ್ಟು ಜೋಡಿಸಿ ಕೊಡಿ ಇಂದ್ರಮ್ಮ. ಇದು ಸರಿಹೋದ್ರೆ ನನ್ನ ಮಿಕ್ಕ ಎರಡು ಬಸ್ಸಿಗೂ ನೀವೇ ಮಾಡಿ ಕೊಡ್ಬೇಕು" ಅಂದರು.

ಔಷಧದ ಡಬ್ಬಿ. ಔಷಧದ! ಔಷಧ ಯಾರ ಕೆಲಸ? ನಾನು ಮೂರಡಿ ದೂರದಲ್ಲಿ ಕೂತಿದ್ದೆ. ಮಿಕ್ಸ್‌ಚರು ಗ್ಲಾಸಿನ ಗೆರೆ ದಾಟಿ ಕೈಮೇಲೆ ಸುರಿದದ್ದು ನನಗೆ ತಿಳಿಯಲೇ ಇಲ್ಲ.

ಇಂದ್ರಮ್ಮ ಮೂರು ದಿನ ಆ ಡಬ್ಬಿಯ ಹಿಂದೆ ಬಿದ್ದಳು. ಬ್ಯಾಂಡೇಜಿನ ಬಟ್ಟೆಯೆಲ್ಲ ಯುದ್ಧಕ್ಕೆ ಹೋಗಿ ನಮಗೆ ಸಿಗುತ್ತಿರಲಿಲ್ಲ. ತನ್ನದೇ ಒಂದು ಹಳೆಯ ಬಿಳಿ ಸೀರೆ ಹರಿದು, ಕುದಿಸಿ, ಒಣಗಿಸಿ, ಇಸ್ತ್ರಿ ಮಾಡಿ, ಬಿಗಿಯಾಗಿ ಸುತ್ತಿ ಎಂಟು ಸುರುಳಿ ಮಾಡಿದಳು. ಹತ್ತಿ, ಒಂದು ಕತ್ತರಿ, ಸೋಪಿನ ಬಿಲ್ಲೆ, ಮುರಿದ ಮೂಳೆಗೆ ಕಟ್ಟಲು ಎರಡು ಬಿದಿರ ದಬ್ಬೆ, ಸುಟ್ಟಗಾಯಕ್ಕೆ ವ್ಯಾಸಲೀನು, ಆರು ಪಿನ್ನು. ಔಷಧ ಅಂತ ಇದ್ದದ್ದು ಒಂದೇ ಸೀಸೆ, ಗಾಯಕ್ಕೆ ಹಚ್ಚುವ ಕಂದು ಬಣ್ಣದ ಟಿಂಚರ್ ಅಯೋಡಿನ್. ಅದನ್ನು ನನ್ನಿಂದಲೇ ಕೇಳಿ ಪಡೆದು ಅದರ ಕತ್ತಿಗೆ ಒಂದು ಕೆಂಪು ದಾರ ಕಟ್ಟಿದಳು. ಆ ಡಬ್ಬಿ ಬಾಣಂತಿಯ ಬಟ್ಟೆಗಂಟಿನ ಹಾಗೆ ಕಾಣುತ್ತಿತ್ತು ನನ್ನ ಕಣ್ಣಿಗೆ.

ಆಮೇಲೆ ಬೈರಪ್ಪನನ್ನು ಕರೆಸಿ ಪಾಠ ಬೇರೆ. ಅವನಿಗೆ ಓದುಬರಹ ಇಲ್ಲ. ಟಿಕೆಟ್ಟನ್ನು ಬಣ್ಣ ನೋಡಿ ಹರಿಯುವ ಆಸಾಮಿ. "ಅಡವಯ್ಯನೋರೆ, ನಿಮ್ಮ ಕೈ ಕೊಡ್ತೀರಾ? ಇವ್ನು ಪಟ್ಟಿ ಸುತ್ತೋದು ಅಭ್ಯಾಸ ಮಾಡ್ಲಿ" ಅಂದಳು ಇಂದ್ರಮ್ಮ.

"ನನಗೆ ಕೆಲಸ ಇದೆ" ಅಂದೆ.

ಬೈರಪ್ಪ ಬೆಂಚಿನ ಕಾಲಿಗೆ ಪಟ್ಟಿ ಸುತ್ತಿ ಸುತ್ತಿ ಕಲಿತ. "ರಕ್ತ ಸುರೀತಿದ್ರೆ ಏನ್ಮಾಡ್ತೀಯ?" ಅಂತ ಅವಳು ಕೇಳುವುದು, "ಸುದ್ದವಾದ ಬಟ್ಟೆ ಇಟ್ಟು ಅದುಮ್ಕಂಡು ಕುಂತ್ಕತೀನಿ ಕಣಮ್ಮ, ನಿಲ್ಲೋಗಂಟ ಎತ್ತಿ ನೋಡಾಕಿಲ್ಲ" ಅಂತ ಇವನು ಒಪ್ಪಿಸುವುದು. ಬೆಂಚಿಗೇ ಏಟು ಬಿದ್ದಿದೆಯೇನೋ ಅನ್ನುವಂತೆ ರೋಗಿಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅವರ ಸೀಸೆಗಳು ನನ್ನ ಮುಂದೆ ಸಾಲಾಗಿ ಖಾಲಿ ಕೂತಿದ್ದವು, ಕೇಳುವವರಿಲ್ಲ.

ಗುರುವಾರ ಸಂಜೆ ಡಬ್ಬಿ ಸಿದ್ಧವಾಯಿತು. ಬೆಳಿಗ್ಗೆ ಬೈರಪ್ಪ ಬಂದು ಒಯ್ಯಲಿ ಅಂತ ಅದನ್ನು ಮೇಜಿನ ಮೇಲಿಟ್ಟು ಇಂದ್ರಮ್ಮ ಒಂದು ಹೆರಿಗೆಗೆ ಹೋದಳು. ಅವಳು ಓಣಿ ತಿರುಗಿದ್ದೇ ತಡ, ನಾನು ಬಾಗಿಲು ಹಾಕಿಕೊಂಡೆ.

ನಾನು ಮೊದಲೇ ಒಂದು ಹಲಗೆ ಕೊಯ್ಯಿಸಿ ಅದರಲ್ಲಿ ಹದಿನಾಲ್ಕು ತೂತು ಕೊರೆಸಿಟ್ಟಿದ್ದೆ. ಡಬ್ಬಿಯ ಅಳತೆಗೆ ಸರಿಯಾಗಿ. ಹದಿನಾಲ್ಕು ಪುಟ್ಟ ಸೀಸೆ. ಅಯೋಡಿನ್, ಸ್ಪಿರಿಟ್, ಅಮೋನಿಯಾ, ಕ್ವಿನೀನ್, ಹರಳೆಣ್ಣೆ, ಹೊಟ್ಟೆನೋವಿಗೆ, ಹಲ್ಲುನೋವಿಗೆ, ಕಣ್ಣಿಗೆ, ಕಿವಿಗೆ ಹೀಗೆ ಹದಿಮೂರು ತುಂಬಿದವು. ಹದಿನಾಲ್ಕನೆಯದಕ್ಕೆ ಏನೂ ತೋಚಲಿಲ್ಲ. ಒಂದು ತೂತು ಬೋಳಾಗಿದ್ದರೆ ಅಂದ ಕೆಡುತ್ತದೆ. ಅದಕ್ಕೆ ಲೈಸಾಲ್ ತುಂಬಿದೆ. ಒಂದು ಬಕೆಟ್ಟು ನೀರಿಗೆ ಒಂದು ಚಮಚ ಹಾಕಿ ನಾವು ನೆಲ ತೊಳೆಯುತ್ತಿದ್ದ ಲೈಸಾಲ್. ಪ್ರತಿ ಸೀಸೆಗೂ ನನ್ನ ದುಂಡು ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಹತ್ತಿಗೆ ಜಾಗ ಉಳಿಯಲಿಲ್ಲ. ಸೀಸೆಗಳು ಅಲುಗದಂತೆ ಮೂಲೆಗೆ ಒಂದಿಷ್ಟು ತುರುಕಿದೆ, ಅಷ್ಟೇ. ಅವಳ ಸುರುಳಿ, ಸೋಪು, ದಬ್ಬೆ, ಕೆಂಪು ದಾರದ ಸೀಸೆ ಎಲ್ಲವನ್ನೂ ಬೀರುವಿನೊಳಗೆ ಹಿಂದಕ್ಕೆ ತಳ್ಳಿ, ಡಬ್ಬಿಗೆ ಅವಳು ಕಟ್ಟಿದ್ದ ಲಾಡಿಯನ್ನೇ ಮತ್ತೆ ಕಟ್ಟಿ ಮೊದಲಿನ ಜಾಗದಲ್ಲೇ ಇಟ್ಟೆ. ಎಂಥ ಚೆಂದವಾಗಿತ್ತು ಅಂತೀರಿ! ಅರಮನೆಗೆ ಕಳಿಸಬಹುದಾಗಿತ್ತು.

ಶುಕ್ರವಾರ ಪಾವಗಡದ ತಂಗಿಯನ್ನು ನೋಡಿ ಬರುತ್ತೇನೆ ಅಂತ ನಾನೂ ಅದೇ ಬಸ್ಸು ಹತ್ತಿದೆ. ತಂಗಿ ಬರೀ ನೆಪ. ದಾರಿಯಲ್ಲಿ ಯಾರಿಗಾದರೂ ಒಂದು ಸಣ್ಣ ತರಚು ಗಾಯವಾಗಲಿ, ಒಬ್ಬರಿಗಾದರೂ ತಲೆ ತಿರುಗಲಿ. ನಾನು ಎದ್ದು, ಡಬ್ಬಿ ತೆರೆದು, ಎಲ್ಲರ ಎದುರು ಸೀಸೆ ಆರಿಸಿ ಕೊಟ್ಟು ವಾಸಿ ಮಾಡಬೇಕು. ಆ ಮಾತು ಸಾವುಕಾರರ ಕಿವಿಗೆ ಹೋಗಬೇಕು. ಮಿಕ್ಕ ಎರಡು ಬಸ್ಸಿನ ಡಬ್ಬಿ ಕೇಳಿಕೊಂಡು ಅವರು ನನ್ನ ಮುಂದೆ ಬಂದು ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಎದುರು ಸೀಟಿನಲ್ಲಿ ಮಿಡಿಗೇಶಿಯ ಕದರಮ್ಮ ಅನ್ನುವ ಮುದುಕಿ ಕೆಮ್ಮಿದಾಗಲೆಲ್ಲ ನನ್ನ ಆಸೆ ಚಿಗುರುತ್ತಿತ್ತು. ಆದರೆ ಅವಳು ಗಟ್ಟಿಮುಟ್ಟಾಗಿಯೇ ಇದ್ದಳು.

ಮಿಡಿಗೇಶಿ ಇನ್ನು ಎರಡು ಮೈಲಿ ಇದೆ ಅನ್ನುವಾಗ ತಿರುವಿನಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ಬಂತು. ಡ್ರೈವರ್ ಪೆದ್ದಣ್ಣ ಗಕ್ಕನೆ ಬ್ರೇಕು ಹಾಕಿದ. ಬೇರೆ ಯಾರಿಗೂ ಏನೂ ಆಗಲಿಲ್ಲ. ಡಬ್ಬಿಯ ಮೇಲೇ ಕಣ್ಣಿಟ್ಟು ಸೀಟಿನ ಅಂಚಿನಲ್ಲಿ ಕೂತಿದ್ದ ನಾನು ಮಾತ್ರ ಮುಂದಿನ ಕಬ್ಬಿಣದ ಸರಳಿಗೆ ಮುಖ ಕೊಟ್ಟು ಬಿದ್ದೆ. ಗಲ್ಲ ಸೀಳಿತು. ನನ್ನ ಹಲ್ಲೇ ನನ್ನ ನಾಲಗೆಯನ್ನು ಕಚ್ಚಿ ಹರಿಯಿತು. ಬಾಯಿ ತೆರೆದರೆ ರಕ್ತ, ಮಾತಿಲ್ಲ.

"ಅಯ್ಯೋ, ಕಂಪೌಂಡ್ರು ಸಾಮಿ!" ಅಂತ ಬೈರಪ್ಪ ಡಬ್ಬಿ ಎಳೆದು ಲಾಡಿ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. "ಇದೇನ್ಲಾ ಪೆದ್ದಣ್ಣ, ಅಮ್ಮೋರು ತೋರ್ಸಿದ್ದು ಇಂಗಿರ್ಲಿಲ್ವಲ್ಲ! ಬಟ್ಟೆನೇ ಇಲ್ಲ ಕಣ್ಲಾ. ಬರೀ ಸೀಸೆ."

"ಚೀಟಿ ಐತಲ್ಲ, ಓದ್ಲಾ" ಅಂದ ಪೆದ್ದಣ್ಣ.

ಓದುವವರು ಯಾರು? ಬಸ್ಸಿನಲ್ಲಿದ್ದ ಹದಿನಾರು ಜನರಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ. ನಾನು ಎರಡು ಕೈಯನ್ನೂ ಆಡಿಸಿ ಅಯೋಡಿನ್ ಸೀಸೆಯನ್ನು ತೋರಿಸಿದೆ. "ನೋವಿಗೆ ಕೈ ಬಡೀತಾವ್ರೆ, ಹಿಡ್ಕಳ್ರಪ್ಪ" ಅಂದರು ಯಾರೋ. ಇಬ್ಬರು ರೈತರು ನನ್ನ ಎರಡು ರಟ್ಟೆಯನ್ನೂ ಬಿಗಿಯಾಗಿ ಹಿಡಿದರು. ಬೈರಪ್ಪ ಸೀಸೆಗಳ ಕತ್ತು ನೋಡಿದ. ಕೆಂಪು ದಾರ ಯಾವುದಕ್ಕೂ ಇಲ್ಲ. ಬಣ್ಣ ನೋಡಿದ. ಕಂದು ಬಣ್ಣದ್ದು ಅಂತ ಅವನಿಗೆ ನೆನಪಿತ್ತು. ಕಂದು ಬಣ್ಣದವು ಎರಡಿದ್ದವು. ಅವನ ಕೈ ಹದಿನಾಲ್ಕನೆಯದರ ಮೇಲೆ ಹೋಯಿತು.

ನಾನು ಒದ್ದಾಡಿದೆ, ಊಳಿಟ್ಟೆ. ಅವರು ಇನ್ನೂ ಬಿಗಿಯಾಗಿ ಹಿಡಿದರು. ನೀರು ಬೆರೆಸದ ಲೈಸಾಲ್ ಸೀಳಿದ ಗಲ್ಲದ ಮೇಲೆ ಬಿದ್ದರೆ ಹೇಗಿರುತ್ತದೆ ಅನ್ನುವುದನ್ನು ಬರೆಯುವುದಿಲ್ಲ. ನಾನೇ ತುಂಬಿದ್ದು, ನಾನೇ ಅನುಭವಿಸಿದೆ.

ವಾಸನೆ ಬಡಿದು ಮೊದಲು ಎಚ್ಚೆತ್ತವಳು ಕದರಮ್ಮ. "ಲೇ ಬೈರ, ಬುಡ್ಲಾ ಅತ್ಲಾಗೆ! ಆಸ್ಪತ್ರೆ ನೆಲ ತೊಳಿಯೋ ನೀರು ಕಣ್ಲಾ ಅದು!" ಅಂತ ಸೀಸೆ ಕಿತ್ತು ಎಸೆದಳು. ಸೋರೆ ಬುರುಡೆಯಲ್ಲಿದ್ದ ಕುಡಿಯುವ ನೀರನ್ನೆಲ್ಲ ನನ್ನ ಗಲ್ಲಕ್ಕೆ ಸುರಿದು ತೊಳೆದಳು. ಗಂಟಿನಿಂದ ಒಗೆದ ಸೀರೆಯೊಂದನ್ನು ತೆಗೆದು, ಹರಿದು, ಮಡಿಸಿ, ಗಾಯಕ್ಕಿಟ್ಟು ಅದುಮಿ ಹಿಡಿದಳು. ಬೈರಪ್ಪ ಎತ್ತಿ ನೋಡಲು ಹೋದರೆ ಅವನ ಕೈಮೇಲೆ ಹೊಡೆದಳು. "ನಿಲ್ಲೋಗಂಟ ಎತ್ಬಾರ್ದು. ನನ್ ಸೊಸೆ ಹೆರಿಗೇಲಿ ಇಂದ್ರಮ್ಮೋರು ಹೇಳ್ಕೊಟ್ಟವ್ರೆ."

ಅಲ್ಲೂ ಇಂದ್ರಮ್ಮ! ರಕ್ತ ಹೋಗಿ ಕಣ್ಣು ಮಂಜಾಗುತ್ತಿದ್ದರೂ ಆ ಹೆಸರು ನನಗೆ ಲೈಸಾಲಿಗಿಂತ ಹೆಚ್ಚಾಗಿ ಉರಿಯಿತು.

ಬಸ್ಸು ತಿರುಗಿಸಿಕೊಂಡು ಮಧುಗಿರಿಗೆ ಬಂದರು. ಇಂದ್ರಮ್ಮ ಗಾಯ ತೊಳೆದು, ಗಲ್ಲಕ್ಕೆ ಐದು ಹೊಲಿಗೆ ಹಾಕಿದಳು. ಅವಳ ಕೈ ಹಗುರ. ಅದನ್ನು ಒಪ್ಪಲೂ ಸಂಕಟ, ಒಪ್ಪದಿರಲೂ ಆಗದು. ಕೊನೆಯ ಹೊಲಿಗೆಯ ಹೊತ್ತಿಗೆ ಸಾವುಕಾರರು ಡಬ್ಬಿ ಹಿಡಿದುಕೊಂಡು ಒಳಗೆ ನುಗ್ಗಿದರು. ಹಿಂದೆಯೇ ಬೈರಪ್ಪ, ಬಾಗಿಲ ತುಂಬ ಜನ.

"ಏನಮ್ಮ ಇದು? ನಿಮ್ಮನ್ನ ನಂಬಿ ಕೊಟ್ಟೆ. ಹದಿನಾರು ಜನರ ಮುಂದೆ ನನ್ನ ಬಸ್ಸಿನ ಡಬ್ಬಿಯಿಂದ ವಿಷ ಈಚೆ ಬಂದಿದೆ! ನಾಳೆಯಿಂದ ನನ್ನ ಬಸ್ಸು ಹತ್ತೋರು ಯಾರು?"

"ಅಮ್ಮೋರು ತೋರ್ಸಿದ ಡಬ್ಬಿ ಇದಲ್ಲ ಬುದ್ಧಿ..." ಅಂತ ಬೈರಪ್ಪ ಬಾಯಿ ತೆರೆದ.

ಇಂದ್ರಮ್ಮ ಒಂದು ಸೀಸೆ ಎತ್ತಿ ಚೀಟಿ ನೋಡಿದಳು. ದಿನಕ್ಕೆ ನೂರು ಸಲ ನೋಡುವ ಅಕ್ಷರ. ಹೋಗಿ ಬೀರು ತೆರೆದಳು. ಹಿಂದೆ ತುರುಕಿದ್ದ ತನ್ನ ಬಿಳಿ ಸುರುಳಿಗಳನ್ನು ಕಂಡಳು. ಬೀರು ಮುಚ್ಚಿ, ತಿರುಗಿ ನನ್ನನ್ನು ನೋಡಿದಳು. ನನಗೆ ಬಾಯಿಲ್ಲ, ಕಣ್ಣು ಮಾತ್ರ. ಅದರಲ್ಲಿ ಅವಳು ಏನು ಓದಿದಳೋ ಕಾಣೆ.

"ಸುಮ್ನಿರು ಬೈರಪ್ಪ" ಅಂದಳು. "ತಪ್ಪು ನನ್ನದೇ ಸಾವುಕಾರ್ರೆ. ಹೆರಿಗೆ ಅವಸರದಲ್ಲಿ ಡಬ್ಬಿ ಅದಲುಬದಲಾಗಿದೆ. ನಾನು ತೆರೆದು ನೋಡಿ ಕಳಿಸ್ಬೇಕಾಗಿತ್ತು."

ಸಾವುಕಾರರು ಕೆಂಡವಾದರು. "ಇನ್ನು ನಿಮ್ಮ ಕೈಯಿಂದ ಒಂದು ಚೂರು ಹತ್ತಿನೂ ನನಗೆ ಬೇಡ. ಅಡವಯ್ಯನೋರೆ, ವಾಸಿಯಾದ ಮೇಲೆ ಮೂರು ಬಸ್ಸಿಗೂ ನೀವೇ ಮಾಡಿ ಕೊಡಿ. ನಾನು ಮೊದಲೇ ನಿಮ್ಮ ಹತ್ರ ಬರ್ಬೇಕಾಗಿತ್ತು" ಅಂದರು.

ಇದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು? ಸಾವುಕಾರರು ನನ್ನ ಮುಂದೆ ನಿಂತು, ನನ್ನ ಹೆಸರು ಹಿಡಿದು ಕೇಳುತ್ತಿದ್ದರು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

ಆದರೆ ಬೈರಪ್ಪ ಇಂದ್ರಮ್ಮನನ್ನೇ ನೋಡುತ್ತಿದ್ದ, ಕಣ್ಣು ತುಂಬಿಕೊಂಡು. ಬಾಗಿಲಲ್ಲಿ ನಿಂತ ಹೆಂಗಸರೂ ಅಷ್ಟೇ. ಅವಳು ಸುಳ್ಳು ಹೇಳುತ್ತಿದ್ದಾಳೆ, ಯಾರನ್ನೋ ಉಳಿಸುತ್ತಿದ್ದಾಳೆ ಅನ್ನುವುದು ಸಾವುಕಾರರೊಬ್ಬರನ್ನು ಬಿಟ್ಟು ಎಲ್ಲರಿಗೂ ಹೊಳೆದಿತ್ತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕಡೆ ಯಾರೂ ಹಾಗೆ ನೋಡಿರಲಿಲ್ಲ. ಅವರೆಕಾಯಿ ಅವಳಿಗೆ, ಮಕ್ಕಳ ಹೆಸರು ಅವಳಿಗೆ. ನಾನು ಕಷ್ಟಪಟ್ಟು, ಬಾಗಿಲು ಹಾಕಿಕೊಂಡು ಮಾಡಿದ ತಪ್ಪು ಒಂದಿತ್ತು. ಈಗ ಅದನ್ನೂ ತನ್ನದು ಅಂತ ಎತ್ತಿಕೊಂಡು ಅದರಿಂದಲೂ ದೊಡ್ಡವಳಾಗುತ್ತಿದ್ದಾಳೆ. ನನ್ನ ಮೈಯೆಲ್ಲ ಹೊತ್ತಿಕೊಂಡಿತು. ಕೈ ಚಾಚಿ, ರೋಗಿಗಳ ಹೆಸರು ಬರೆಯುವ ಪುಸ್ತಕ ಎಳೆದುಕೊಂಡು, ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದೆ: ಡಬ್ಬಿ ಬದಲಾಯಿಸಿದವನು ನಾನು. ಬೇಕೆಂದೇ ಮಾಡಿದ್ದು. ಇವರದೇನೂ ಇಲ್ಲ.

ಸಾವುಕಾರರು ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಬಾಗಿಲ ಹತ್ತಿರ ಯಾರೋ, "ಎಂಥ ಸತ್ಯವಂತರಪ್ಪ ಕಂಪೌಂಡ್ರು, ಈ ನೋವಲ್ಲೂ ನಿಜ ಬರೆದ್ಬುಟ್ರು" ಅಂದರು. ಇನ್ನೊಬ್ಬರು ಹೌದು ಹೌದು ಅಂದರು. ಇವತ್ತಿಗೂ ಊರಲ್ಲಿ ನನ್ನ ಬಗ್ಗೆ ಆಡುವ ಒಂದೇ ಒಂದು ಒಳ್ಳೆಯ ಮಾತು ಅದು.

ಇಂದ್ರಮ್ಮ ಮಾತ್ರ ಹಾಗನ್ನಲಿಲ್ಲ. ನನ್ನ ಕೈಯಿಂದ ಪೆನ್ಸಿಲ್ ಬಿಡಿಸಿಕೊಂಡು, ಬಗ್ಗಿ, ನನಗೊಬ್ಬನಿಗೇ ಕೇಳುವಂತೆ, "ಈ ತಪ್ಪನ್ನೂ ನನಗೆ ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ, ಅಲ್ವೇ ಅಡವಯ್ಯನೋರೆ?" ಅಂದಳು.