ಮೂಡುಪನಿಗೆ ಕಾದ ಕಾರು

ಬೆಟ್ಟದೂರು ಹುಬ್ಬತಲೈಯ ನಂಜುಂಡನ್‌ಗೆ ಯಾವ ವಸ್ತು ಕೈಗೆ ಸಿಕ್ಕರೂ ಅದರ ಮರ್ಮ ತಿಳಿಯುವವರೆಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಟೀ ಫ್ಯಾಕ್ಟರಿಯಲ್ಲಿ ಎಲೆಯ ವಾಸನೆ ಹಿಡಿದು ಹದ ಹೇಳುತ್ತಿದ್ದ ಮೂಗು ಅದು. ಕೆಲಸದಿಂದ ನಿವೃತ್ತಿಯಾದರೂ ಮೂಗಿಗೆ ನಿವೃತ್ತಿಯೆಲ್ಲಿ? ಕೊಯಮತ್ತೂರಿನಿಂದ ತರಿಸಿದ ಕಾರಿನ ಮೇಣದ ಡಬ್ಬಿಯನ್ನು ಆತ ಮೊದಲು ತೆರೆದದ್ದು ಹಚ್ಚಲಿಕ್ಕಲ್ಲ, ಮೂಸಲಿಕ್ಕೆ. ಕೊಬ್ಬರಿ ಮಿಠಾಯಿಯ ಘಮ. ಚೂರು ತೆಗೆದು ಮುಂಗೈಗೆ ಸವರಿ ನೀರು ಚಿಮುಕಿಸಿದ. ನೀರು ಮುತ್ತುಮುತ್ತಾಗಿ ನಿಂತಿತು. ಹೆಂಡತಿ ಪಂಕಜಂಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ತೋರಿಸಿದ.

ಡಬ್ಬಿಯ ಮೇಲಿದ್ದದ್ದು ಇಂಗ್ಲಿಷ್. ಫೋನನ್ನು ಹಿಡಿದರೆ ಅದು ಆತ ಶಾಲೆಯಲ್ಲಿ ಕಲಿತ ತಮಿಳಿಗೆ ತಿರುಗಿಸಿ ಹೇಳುತ್ತಿತ್ತು. ತಂಪಾದ, ಒಣಗಿದ ಜಾಗದಲ್ಲಿಡಬೇಕಂತೆ. ನಂಜುಂಡನ್ ತಲೆ ಕೆರೆದುಕೊಂಡ. ಈ ಊರಲ್ಲಿ ತಂಪಿಗೆ ಬರವಿಲ್ಲ, ಆದರೆ ತಂಪಿದ್ದಲ್ಲೆಲ್ಲ ಪಸೆ. ಒಣಗಿದ್ದು ಬೇಕೆಂದರೆ ಒಲೆಯ ಮೇಲಿನ ಅಟ್ಟ, ಅಲ್ಲಿ ತಂಪಿಲ್ಲ. ಕೊನೆಗೆ ಪಂಕಜಂಳ ಸೀರೆ ಪೆಟ್ಟಿಗೆಯೇ ಸರಿಯೆನಿಸಿತು. ಆಕೆಯ ಪಟ್ಟೆ ಸೀರೆಗಳಿಗೆಲ್ಲ ಮಿಠಾಯಿ ವಾಸನೆ ಹತ್ತಿದ ಮೇಲೆ ಮನೆಯಲ್ಲಿ ನಡೆದ ಮಾತು ಇಲ್ಲಿ ಬೇಡ.

ಇಷ್ಟೆಲ್ಲ ಯಾಕೆಂದರೆ, ತಂಗಿ ಮಲರ್‌ಕೊಡಿಯ ಮಗಳು ನಿವೇತಾಳ ಮದುವೆ. ಲಂಗ ಹಾಕುವ ಕಾಲದಿಂದಲೂ ಆ ಹುಡುಗಿ, ಗಂಡನ ಊರಿಗೆ ಹೋಗುವುದಾದರೆ ಮಾಮನ ಕರೀ ಅಂಬಾಸಿಡರಿನಲ್ಲೇ ಎನ್ನುತ್ತಿದ್ದಳು. ಈಗ ಗಂಡಿನ ಕಡೆಯ ರಾಜೇಶ್‌ಕುಮಾರ್ ಹೊಸ ಬಿಳೀ ಕಾರು ತರುತ್ತೇನೆಂದಿದ್ದ. ಮಲರ್‌ಕೊಡಿ ಅಣ್ಣನಿಗೆ ಮುಖದ ಮೇಲೆಯೇ ಹೇಳಿದ್ದಳು: "ನಿನ್ನ ಕಾರು ಫೋಟೋಲಿ ಹೊಳದರೆ ನಿನ್ನದು. ಇಲ್ಲೆಂದರೆ ಅವರದು." ನಂಜುಂಡನ್‌ಗೆ ಆ ಮಾತು ಮುಳ್ಳಿನಂತೆ ನೆಟ್ಟಿತ್ತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಕಾರು ತೊಳೆದು, ಫೋನು ಹೇಳಿದಂತೆ ಮೇಣವನ್ನು ತೆಳ್ಳಗೆ, ಸುತ್ತು ಸುತ್ತಾಗಿ ಹಚ್ಚಿದ. ಮುಂದಿನ ಸಾಲು ಹೀಗಿತ್ತು: ಮೂಡುಪನಿ ಬರುವವರೆಗೆ ಕಾಯಿರಿ, ಬಳಿಕ ಒರೆಸಿ. ತಮಿಳಿನಲ್ಲಿ ಮೂಡುಪನಿ ಅಂದರೆ ಮಂಜು. ಸರಿ, ಕುರ್ಚಿ ಹಾಕಿಕೊಂಡು ಕಣಿವೆಯ ಕಡೆ ಮುಖ ಮಾಡಿ ಕೂತ.

ಪಕ್ಕದ ಮನೆಯ ಭೋಜನ್ ಬಂದ. "ಎನ ನಂಜಣ್ಣ, ಕಾರುಗ ಎನ ಹಚ್ಚಿದ್ದೆ?"

"ಮೆಳುಗು. ಮಂಜು ಬಂದ ಮೇಲೆ ತಾ ಒರಸೋದು."

"ಅದು ಸರಿ," ಎಂದ ಭೋಜನ್. "ಬಿಸಿಲುಗ ಒರಸಿರೆ ಹೊಳಪು ನಿಲ್ಲ." ಎಲೆ ಕೀಳುವುದರಿಂದ ಬಟ್ಟೆ ಒಣಗಿಸುವುದರವರೆಗೆ ಮಂಜನ್ನು ಕೇಳಿಯೇ ಮಾಡುವ ಊರು. ಯಾರಿಗೂ ಸಂಶಯ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಕಾರಿನ ಮೈಯೆಲ್ಲ ಬೆಳ್ಳಗೆ ಮಸುಕಾಯಿತು. ನಂಜುಂಡನ್ ಹೌಹಾರಿದ. ಬಿಸಿಲಿಗೆ ಕೆಟ್ಟಿತೆಂದು ಮೇಲೊಂದು ಪದರ ಬಳಿದ. ಅದೂ ಬೆಳ್ಳಗಾಯಿತು. ಮತ್ತೊಂದು ಬಳಿದ. ದಿನಾ ಮಧ್ಯಾಹ್ನ ಹೇಳಿದ ಮಾತು ತಪ್ಪದೆ ಏರಿ ಬರುತ್ತಿದ್ದ ಮಂಜಿನ ಸುಳಿವೇ ಅಂದು ಇಲ್ಲ. ಆಕಾಶ ತೊಳೆದಿಟ್ಟಂತೆ ನೀಲಿ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಊರವರೆಲ್ಲ ಅಂಗಳಕ್ಕೆ ಬಂದು ಮಂಜು ಯಾಕೆ ಬರಲಿಲ್ಲವೆಂದು ಚಿಂತಿಸಿದರು.

ಸಂಜೆಗೆ ಕೈತುಂಬ ಮೆಹಂದಿಯೊಂದಿಗೆ ನಿವೇತಾ ಬಂದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಮಾಮ ತಲೆ ತಗ್ಗಿಸಿ ನಿಂತಿದ್ದ. ಕಾರು ಸುಣ್ಣ ಬಳಿದ ಗೋಡೆಯಾಗಿತ್ತು. ಆಕೆ ಡಬ್ಬಿಯ ಇಂಗ್ಲಿಷಿನಲ್ಲಿ 'ಹೇಜ್' ಎಂದಿದ್ದದ್ದನ್ನು ಓದಿ, ಫೋನು ಅದನ್ನೇ ತಮಿಳಿನಲ್ಲಿ ಮೂಡುಪನಿ ಮಾಡಿದ್ದನ್ನು ಓದಿ, ಮೊಣಕೈಯಿಂದ ಬಾನೆಟ್ಟನ್ನು ತಿಕ್ಕಿದಳು. ಅಷ್ಟಗಲ ಜಾಗದಲ್ಲಿ ಕರೀ ಬಣ್ಣ ಮಿಂಚಿತು.

"ಮಾಮ, ಇದು ತಾ ಮಂಜು! ಮೆಳುಗು ಒಣಗಿ ಈ ಬೆಳ್ಳಗೆ ಬಂದದು. ನೀ ಅದ ಮೇಲೆ ಮತ್ತೆ ಮತ್ತೆ ಹಚ್ಚಿದ್ದೆ."

ಮದುವೆಗೆ ಬಂದಿದ್ದ ನೆಂಟರೆಲ್ಲ ಬಟ್ಟೆ ಹಿಡಿದು ಕಾರಿಗೆ ಮುತ್ತಿಕೊಂಡರು. ಮಲರ್‌ಕೊಡಿಯೂ ಬೈಯುತ್ತಲೇ ತಿಕ್ಕಿದಳು. ಆದರೆ ಒಣಗಿ ಕಲ್ಲಾದ ಮೇಣ ಸುಲಭಕ್ಕೆ ಜಗ್ಗುತ್ತದೆಯೇ? ಕತ್ತಲಾಗುವ ಹೊತ್ತಿಗೆ ಎಡಗಡೆ ಮಾತ್ರ ಕನ್ನಡಿಯಾಗಿತ್ತು. ಬಲಗಡೆ ಹಾಗೆಯೇ ಉಳಿಯಿತು.

ಬೆಳಿಗ್ಗೆ ಎರಡೂ ಕಾರುಗಳು ಅಂಗಳದಲ್ಲಿ ನಿಂತವು. "ಅವರ ಕಾರಲಿ ಹೋಗು, ಮಗ," ಎಂದ ನಂಜುಂಡನ್. ನಿವೇತಾ ಅಂಬಾಸಿಡರಿನ ಎಡಬಾಗಿಲು ತೆಗೆದು ಕೂತು, ಫೋಟೋದವನಿಗೆ ಈ ಕಡೆ ಬಿಟ್ಟು ಅಲುಗಬೇಡ ಎಂದಳು.

ಗಂಡಿನ ಊರು ಮುಟ್ಟಿದರೆ, ಕೇಡಿಗೆ, ಜನವೆಲ್ಲ ನಿಂತಿದ್ದದ್ದು ಬಲಗಡೆ. ಎಡಕ್ಕೆ ಒತ್ತಿದ ಮಣ್ಣಿನ ದಿಬ್ಬ. ಬಾಗಿಲು ತೆರೆಯುವಂತೆಯೇ ಇಲ್ಲ. ನಿವೇತಾ ಸರಿದು ಬಂದು ಬೆಳ್ಳಗೆ ಮೆತ್ತಿದ ಬಲಬಾಗಿಲಿನಿಂದಲೇ ಇಳಿದಳು. ಹೊಸ ಸೀರೆಗೂ ಪುಡಿ ಮೆತ್ತಿತು. ಅತ್ತೆ ಕಾರನ್ನೂ ಸೊಸೆಯನ್ನೂ ನೋಡಿ, "ಎನ ಇದು?" ಎಂದಳು.

ನಿವೇತಾ ತಲೆಯೆತ್ತಿ ಹೇಳಿದಳು: "ಮಂಜು. ಎಂಗ ಮಾಮ ನೆನ್ನೆ ಹಗಲೆಲ್ಲ ಕಾದು ತಂದದು."

ನಂಜುಂಡನ್ ಕಣ್ಣೊರೆಸಿಕೊಳ್ಳಲು ಸೀಟಿನ ಮೇಲೆ ಬಟ್ಟೆಗೆ ತಡಕಾಡಿದ. ಇದ್ದ ಬಟ್ಟೆಯೆಲ್ಲ ಮೇಣವಾಗಿತ್ತು, ಬರಿಗೈಯಲ್ಲೇ ಒರೆಸಿಕೊಂಡ.