ಅನುಗ್ರಹನ ನೌಕರಿ

ಅನುಗ್ರಹನಿಗೆ ಹುಟ್ಟಿನಿಂದಲೇ ಮಾತು, ಕಲಿಕೆ ಎರಡೂ ನಿಧಾನ. ತಾಯಿ ಹನ್ನಾ ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ದೊಡ್ಡವನಾದ ಮೇಲೆ ಅವನು ಅಂಗವಿಕಲರ ಕೇಂದ್ರವೊಂದರಲ್ಲಿ ಮೇಣದಬತ್ತಿ ಮಾಡುತ್ತಿದ್ದ. ಅಲ್ಲಿದ್ದವರೆಲ್ಲ ಅವನಂಥವರೇ. ಒಂದು ಬೆಳಿಗ್ಗೆ ಊರ ಪಕ್ಕದ ಕೊಳಾರದ ಕಾರ್ಖಾನೆಗಳಿಗೆ ನಗುತ್ತ ಹೊರಟಿದ್ದ ಕೆಲಸಗಾರರನ್ನು ನೋಡಿ ಅವನೆಂದ, “ಮಮ್ಮಿ, ನಾನೂ ಅವರ ಕೂಡ ಹೋಗ್ತೇನಿ.”

ಹನ್ನಾ ಅವನನ್ನು ಕರೆದುಕೊಂಡು ಕೊಳಾರದ ಬೇಳೆ ಕಾರ್ಖಾನೆಗೆ ಹೋದಳು. ಮಾಲೀಕ ವೀರಭದ್ರ ಹಿಂದೆಮುಂದೆ ನೋಡಿದ.

“ಸಿಸ್ಟರ್, ಇಲ್ಲಿ ಮಷೀನ್ ಅದಾವ್ರಿ. ಬೇಕಂದ್ರ ತಿಂಗಳಾ ಏನಾರ ಕೊಡ್ತೇನಿ, ಮನ್ಯಾಗೇ ಇರ್ಲಿ.”

“ದಾನ ಬ್ಯಾಡ್ರಿ, ಕೆಲಸ ಕೊಡ್ರಿ. ಎಲ್ಲರಿಗೂ ಕೊಡೋ ಪಗಾರಾನೇ ಕೊಡ್ರಿ.”

ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವ ಶಾಲುಬಾಯಿ ಅಲ್ಲೇ ನಿಂತಿದ್ದಳು. ಔರಾದ ಕಡೆಯವಳು, ಖಡಕ್ ಹೆಂಗಸು. “ನನ್ನ ಕಡಿ ಬಿಡ್ರಿ, ಸಾವಕಾರ್ರ” ಎಂದಳು.

ಪಾಕೀಟಿನ ಬಾಯಿ ಮುಚ್ಚುವ ಕೆಲಸಕ್ಕೆ ಅವನನ್ನು ಹಚ್ಚಿದರು. ಮಷೀನಿನ ವೇಗಕ್ಕೆ ಅವನ ಕೈ ಓಡಲಿಲ್ಲ. ಪಾಕೀಟುಗಳು ನೆಲಕ್ಕೆ ಬಿದ್ದು ಬೇಳೆ ಚೆಲ್ಲಿತು, ಯಾರೋ ಬೈದರು. ಅನುಗ್ರಹ ಎರಡೂ ಕಿವಿ ಮುಚ್ಚಿಕೊಂಡು ಚೀಲಗಳ ಹಿಂದೆ ಹೋಗಿ ಕೂತ. ಮೊದಲ ದಿನವೆಂದು ಹೊರಗೇ ಕಾದಿದ್ದ ಹನ್ನಾ ಓಡಿಬಂದು, “ಮನಿಗಿ ನಡಿ, ಬೇಟಾ” ಎಂದಳು. ಅವನು ಏಳಲಿಲ್ಲ. “ನಾ ನಾಳೀನೂ ಬರ್ತೇನಿ” ಎಂದ.

“ಅವಂದೇನೂ ತಪ್ಪಿಲ್ರಿ ಸಿಸ್ಟರ್” ಎಂದಳು ಶಾಲುಬಾಯಿ. “ನಾನೇ ಅವಗ ಸರಿಯಾದ ಜಾಗಾ ಕೊಡ್ಲಿಲ್ಲ.”

ಮರುದಿನ ಅವನಿಗೆ ಪಾಕೀಟುಗಳನ್ನು ರಟ್ಟಿನ ಡಬ್ಬಿಗಳಲ್ಲಿ ತುಂಬುವ ಕೆಲಸ. ಜೊತೆಗಿದ್ದ ರಾಹೀಲ ಮೇಜಿನ ಮೇಲೆ ಬಣ್ಣದಿಂದ ಚೌಕದ ಮನೆಗಳನ್ನು ಗೀಚಿದ. ಪ್ರತಿ ಮನೆಯಲ್ಲೂ ಒಂದೊಂದು ಪಾಕೀಟು ಇಟ್ಟರೆ, ಎಣಿಸದೆಯೇ ಒಂದು ಡಬ್ಬಿಯ ಲೆಕ್ಕ ಸರಿಹೋಗುತ್ತಿತ್ತು. ಅನುಗ್ರಹ ನಾಲಿಗೆ ಕಚ್ಚಿಕೊಂಡು ತುಂಬಿದ, ಬಿಚ್ಚಿದ, ಮತ್ತೆ ತುಂಬಿದ. ಮಳೆಗಾಲ ಮುಗಿಯುವಷ್ಟರಲ್ಲಿ ಕೈ ಕುದುರಿತು. ಊಟಕ್ಕೆ ಎಲ್ಲರ ನಡುವೆ ಕೂತು, ರಾಹೀಲನ ಬುತ್ತಿಯಿಂದ ಉಪ್ಪಿನಕಾಯಿ ಕಸಿದು ತಿನ್ನುವಷ್ಟು ಸಲಿಗೆಯೂ ಬೆಳೆಯಿತು.

ವರ್ಷ ಕಳೆದ ಮೇಲೆ ವೀರಭದ್ರ ಭಾಲ್ಕಿಯಲ್ಲಿ ಎರಡನೆಯ ಕಾರ್ಖಾನೆ ತೆರೆದ. ಈ ಸಲ ಅವನನ್ನು ಯಾರೂ ಒಪ್ಪಿಸಬೇಕಾಗಲಿಲ್ಲ. ಬಾಗಿಲಿಗೆ ಗಾಲಿಕುರ್ಚಿ ಹತ್ತುವಂತೆ ಇಳಿಜಾರು ಕಟ್ಟಿಸಿದ, ಕೆಲವು ಮೇಜುಗಳನ್ನು ತಗ್ಗಿಸಿದ. ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡಿದ್ದ ಸ್ವಪ್ನಿಲನನ್ನು ಉಳಿದವರ ಜೊತೆಗೇ ಕೆಲಸಕ್ಕೆ ತೆಗೆದುಕೊಂಡ. ಆಮೇಲೆ ಶಾಲುಬಾಯಿಗೆ ಹೇಳಿದ, “ಅನುಗ್ರಹಗ ಭಾಲ್ಕಿಗಿ ಕರ್ಕೊಂಡು ಹೋಗ್ರಿ. ಹೊಸಬರಿಗಿ ಕೆಲಸ ಅವನೇ ತೋರಸ್ಲಿ.”

ಮೊದಲ ದಿನ ಹನ್ನಾ ರಜೆ ಹಾಕಿ ಜೊತೆಗೆ ಹೋದಳು. ಸ್ವಪ್ನಿಲನ ಕೈಯಿಂದ ಪಾಕೀಟು ಜಾರಿದಾಗ ಅನುಗ್ರಹ ಎತ್ತಿಕೊಟ್ಟ.

“ಸಾವಕಾಶ ಮಾಡು. ಮೊದಲ ನಂಗೂ ಬರ್ತಿದ್ದಿಲ್ಲ.”

ಬಾಗಿಲಲ್ಲಿ ತಾಯಿ ನಿಂತಿರುವುದು ಆಗ ಕಂಡಿತು. “ಮಮ್ಮಿ, ಇದು ಡ್ಯೂಟಿ ಟೈಮ್. ನೀ ಮನಿಗಿ ಹೋಗು, ನಾ ಶಾಲು ಅಕ್ಕನ ಕೂಡ ಬರ್ತೇನಿ.”

ಎಲ್ಲರೂ ನಕ್ಕರು. ಹನ್ನಾಳೂ ನಕ್ಕಳು, ಕಣ್ಣೊರೆಸಿಕೊಂಡು ಹೊರಟಳು.

ಬೀದರಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟಳು. ಅವಳು ಏನನ್ನೂ ಕೇಳಿರಲಿಲ್ಲ. ಹನ್ನಾಳೇ ಹೇಳಿದಳು, “ನನ್ನ ಮಗ ಇಲ್ಲೇ ಭಾಲ್ಕ್ಯಾಗ ನೌಕರಿ ಮಾಡ್ತಾನ್ರಿ. ಹೊಸಬರಿಗಿ ಕೆಲಸ ಕಲಸ್ತಾನ.”